ಸಾಲ ನನ್ನದು, ಸಂಕಲ್ಪ ಭಾವನದು

ಡೊಂಬಿವಲಿಯ ನಮ್ಮ ಮನೆಯ ಸಾಲ ನನ್ನ ಹೆಸರಿನಲ್ಲಿದೆ. ಆ ಮನೆಯ ಪುಣ್ಯ ಮಾತ್ರ ನನ್ನ ಅಕ್ಕನ ಗಂಡನ ಹೆಸರಿನಲ್ಲಿದೆ. ಇದು ಹೇಗಾಯಿತೆಂದು ಹೇಳಹೊರಟರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನನ್ನೇ ಬೈಯುತ್ತಾರೆ. ಇರಲಿ, ಹೇಳಿಬಿಡುತ್ತೇನೆ.

ನಾನು ಠಾಣೆಯ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು. ನಲವತ್ತು ದಾಟಿ ಐವತ್ತರ ಕಡೆ ಮುಖ ಮಾಡಿದವಳು. ಮನೆಯಲ್ಲಿ ನಾನು ಮತ್ತು ಕಾಲೇಜಿಗೆ ಕಾಲಿಡುತ್ತಿರುವ ಮಗಳು, ಇಬ್ಬರೇ. ಗಂಡ ಸತ್ತಿಲ್ಲ, ಪುಣೆಯಲ್ಲಿದ್ದಾನೆ. ನಮ್ಮ ಮಟ್ಟಿಗೆ ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ. ಈ ಕಡೆ ಬಾಡಿಗೆಯ ಕರಾರು ಹನ್ನೊಂದು ತಿಂಗಳದ್ದು. ಹನ್ನೊಂದು ತಿಂಗಳಿಗೊಮ್ಮೆ ಹೊಸ ಮಾಲೀಕ, ಹೊಸ ದಲ್ಲಾಳಿ, ಮತ್ತು ನಿಮ್ಮ ಮಿಸ್ಟರ್ ಎಲ್ಲಿರುತ್ತಾರೆ ಎಂಬ ಅದೇ ಹಳೆಯ ಪ್ರಶ್ನೆ. ಒಬ್ಬರಿಗೆ ದುಬೈ ಅಂದೆ, ಇನ್ನೊಬ್ಬರಿಗೆ ಹಡಗು ಅಂದೆ. ಒಬ್ಬ ಮಾಲೀಕ ಹಡಗಿನ ಹೆಸರು ಕೇಳಿದಾಗ, ಇನ್ನು ಸಾಕು, ಸ್ವಂತದ್ದೊಂದು ಮಾಡಿಕೊಂಡುಬಿಡೋಣ ಅನ್ನಿಸಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮದುವೆಯನ್ನು ನೋಡಿಯಾಗಿತ್ತು. ಅದಕ್ಕಿಂತ ಕೆಟ್ಟದ್ದೇನು ಆದೀತು ಎಂಬ ಹುಂಬ ಧೈರ್ಯದಲ್ಲಿ, ಡೊಂಬಿವಲಿ ಪೂರ್ವದಲ್ಲಿ, ಶೇರ್ ರಿಕ್ಷಾದವರು ಮುಖ ಕಿವಿಚುವಷ್ಟು ದೂರದಲ್ಲಿ, ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಬ್ಯಾಂಕಿನಲ್ಲಿ ಸಾಲ ಮಾಡಿದೆ. ಬ್ಯಾಂಕಿನವರು ಕೈ ನೋಯುವಷ್ಟು ಸಹಿ ಹಾಕಿಸಿಕೊಂಡರು. ಯಾವ ಕಾಗದದಲ್ಲಿ ಏನಿತ್ತೋ ದೇವರಿಗೇ ಗೊತ್ತು. ಲೆಕ್ಕಪತ್ರ ನೋಡುವವಳಾಗಿ ಈ ಮಾತು ಹೇಳಬಾರದು, ಆದರೆ ಬೇರೆಯವರ ಲೆಕ್ಕ ನೋಡುವುದು ಬೇರೆ, ತನ್ನ ಕೊರಳಿಗೆ ತಾನೇ ಗಂಟು ಹಾಕಿಕೊಳ್ಳುವುದು ಬೇರೆ.

ಕೀಲಿಕೈ ಸಿಕ್ಕ ಸುದ್ದಿ ಕೇಳಿ ಅಕ್ಕ ಕಲ್ಯಾಣದಿಂದ ಓಡಿ ಬಂದಳು. ವಾಸ್ತುಶಾಂತಿ ಆಗದೆ ಈ ಮನೆಯಲ್ಲಿ ಒಂದು ಲೋಟ ಚಹಾ ಕೂಡ ಕಾಯಿಸಬಾರದು ಅಂದಳು. ಆಗಲಿ ಅಂದೆ. ಮುಹೂರ್ತ ನೋಡಿಸಿದಳು. ಅದಕ್ಕೂ ಆಗಲಿ ಅಂದೆ. ಆಮೇಲೆ ಅವಳ ಮುಖ ಸಣ್ಣದಾಯಿತು. ಪೂಜೆಗೆ ಗಂಡ ಹೆಂಡತಿ ಜೋಡಿಯಾಗಿ ಕೂಡಬೇಕಲ್ಲ, ಯಾರನ್ನು ಕೂಡಿಸುವುದು? ಈ ಭಾಗದ ಕನ್ನಡದವರ ಮನೆಗಳಿಗೆಲ್ಲ ಹೋಗುವ ನಮ್ಮ ಪುರೋಹಿತರಿಗೆ ಫೋನು ಹಚ್ಚಿದಳು. ಧಾರವಾಡದ ಕಡೆಯ ಪುರೋಹಿತರು, ಲೋಕಲ್ ಗಾಡಿಯಲ್ಲೇ ಪಂಚಾಂಗ ನೋಡುವಷ್ಟು ಬಿಡುವಿಲ್ಲದವರು. ಜೋಡಿ ಇಲ್ಲದಿದ್ದರೆ ಮನೆತನದ ಬೇರೆ ಜೋಡಿಯನ್ನು ಕೂಡಿಸಬಹುದು, ಏನೂ ತೊಂದರೆ ಇಲ್ಲ ಎಂದುಬಿಟ್ಟರು. ಮಿಕ್ಸರ್ ಕೆಟ್ಟರೆ ಪಕ್ಕದ ಮನೆಯಿಂದ ತಂದುಕೊಂಡಂತೆ ಗಂಡ ಹೆಂಡತಿಯನ್ನು ತಂದುಕೊಳ್ಳಬಹುದೆಂದು ನನಗೆ ಅಂದೇ ಗೊತ್ತಾದದ್ದು.

ನಾನು ಯಾಕೆ ಒಪ್ಪಿದೆ ಎಂದು ಮಗಳು ಈಗಲೂ ಜಗಳ ತೆಗೆಯುತ್ತಾಳೆ. ಒಪ್ಪಿದ್ದಕ್ಕೆ ಕಾರಣ ಭಯ. ಅಷ್ಟು ದೊಡ್ಡ ಸಾಲ ಹೊತ್ತುಕೊಂಡು ಯಾವ ದೇವರನ್ನೂ ಎದುರು ಹಾಕಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಕ್ಕ ಮತ್ತು ಭಾವ ಕೂಡುವುದೆಂದು ಠರಾವಾಯಿತು.

ಭಾವನ ಬಗ್ಗೆ ಹೇಳಬೇಕು. ಶಹಾಡಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ದುಡಿದು ನಿವೃತ್ತರಾದವರು. ನೌಕರಿ ಇರುವ ತನಕ ಕಂಪನಿ ಕ್ವಾರ್ಟರ್ಸು, ಆಮೇಲೆ ಕಲ್ಯಾಣದಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ಸಾಲವೆಂದರೆ ಅವರಿಗೆ ಮೈಲಿಗೆ. ಪೇಪರು ಹಾಕುವವನಿಗೂ ತಿಂಗಳು ಶುರುವಾಗುವ ಮೊದಲೇ ದುಡ್ಡು ಕೊಟ್ಟುಬಿಡುವ ಆಸಾಮಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನನಗೆ ಅವರು ಹೇಳಿದ್ದಕ್ಕೆ ಲೆಕ್ಕವಿಲ್ಲ. ಹಾಸಿಗೆ ಹಾಸಲು ಒಂದು ಮನೆ ಬೇಕಲ್ಲ ಭಾವಾ ಅಂದರೆ, ಅದಕ್ಕೆ ಅವರಲ್ಲಿ ಗಾದೆ ಇರಲಿಲ್ಲ.

ಪೂಜೆಯ ದಿನ ಅವರು ರೇಶ್ಮೆ ಮಡಿ ಉಟ್ಟು, ಹಣೆಗೆ ಮುದ್ರೆ ಹಚ್ಚಿಕೊಂಡು ಕೂತದ್ದನ್ನು ನೋಡಿದರೆ ನನಗೇ ಕೈ ಮುಗಿಯಬೇಕು ಅನ್ನಿಸಿತು. ಪುರೋಹಿತರು ಸಂಕಲ್ಪಕ್ಕೆ ಗೋತ್ರ ಕೇಳಿದರು. ಭಾವ ತಮ್ಮ ಗೋತ್ರ ಹೇಳಿದರು. ನಕ್ಷತ್ರ ಕೇಳಿದರು, ತಮ್ಮ ನಕ್ಷತ್ರ ಹೇಳಿದರು. ಪುರೋಹಿತರು ಭರತಖಂಡದಿಂದ ಹಿಡಿದು ಇಳಿಯುತ್ತ ಇಳಿಯುತ್ತ ಡೊಂಬಿವಲಿಗೆ ಬಂದು, ಅದರಲ್ಲೂ ಪೂರ್ವ ಎಂದು ಬಿಡಿಸಿ ಹೇಳಿ, ದೇವತೆಗಳು ತಪ್ಪಿ ಪಶ್ಚಿಮದ ಕಡೆ ಇಳಿಯದಂತೆ ಎಚ್ಚರ ವಹಿಸಿ, ಆ ಮನೆಯ ಸಕಲ ಸುಖ ಸಂಪತ್ತನ್ನು ಭಾವನ ಹೆಸರಿಗೆ ಬೇಡಿಕೊಂಡರು. ನಾನು ಒಳಗೆ ಶಿರಾ ತಿರುವುತ್ತಿದ್ದೆ. ಒಮ್ಮೆ ಮಾತ್ರ ನನ್ನನ್ನು ಕರೆದರು, ಕಡ್ಡಿಪೆಟ್ಟಿಗೆ ಬೇಕಾಗಿತ್ತು.

ಮಂಗಳಾರತಿಯ ಹೊತ್ತಿಗೆ ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಪ್ರಸಾದಕ್ಕೆ ಬಂದರು. ಹೋಮದ ಹೊಗೆಯ ನಡುವೆ ಮೈ ಬೆವರಿ ಕೆಂಪಗಾಗಿ ಕೂತ ಭಾವನನ್ನು ಕಂಡು, ಅವರ ಕಾಲಿಗೆ ಎಲ್ಲರೂ ಬೀಳುವುದನ್ನು ಕಂಡು, ತಾವೂ ಬಗ್ಗಿ ನಮಸ್ಕಾರ ಮಾಡಿದರು. ಹೋಗುವಾಗ ಭಾವನ ನಂಬರು ತೆಗೆದುಕೊಂಡು ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಸೇರಿಸಿದರು. ನನ್ನನ್ನು ಸೇರಿಸಿದ್ದು ಎಷ್ಟೋ ದಿನಗಳ ಮೇಲೆ, ಅದೂ ಭಾವ ಶಿಫಾರಸು ಮಾಡಿದ್ದರಿಂದ.

ಮಗಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ, ಸಿಟ್ಟು ಮರಾಠಿಯಲ್ಲಿ ಬರುತ್ತದೆ. ಅವತ್ತು ಎರಡನ್ನೂ ಬೆರೆಸಿ ಕೇಳಿದಳು: ದೇವರ ಲೆಕ್ಕದಲ್ಲಿ ಮನೆ ಕಾಕಾನದಾದರೆ ಇಎಂಐ ಕೂಡ ಕಾಕಾನೇ ಕಟ್ಟಬಹುದಲ್ಲ? ಕಾಕಾ ಅಂದರೆ ಅವಳ ಬಾಯಲ್ಲಿ ನನ್ನ ಭಾವ. ಬಾಯಿ ಮುಚ್ಚು, ಶಿರಾ ತಿನ್ನು ಅಂದೆ.

ಅಂದಿನಿಂದ ಭಾವ ಪ್ರತಿ ಭಾನುವಾರ ಬೆಳಿಗ್ಗೆ ಕಲ್ಯಾಣದಿಂದ ಬರತೊಡಗಿದರು. ಮೊದಲು ಗೇಟಿನಲ್ಲಿ ವಾಚ್‌ಮನ್ನನ ಹಾಜರಿ ತೆಗೆದುಕೊಳ್ಳುವುದು, ಆಮೇಲೆ ಲಿಫ್ಟಿನ ದೀಪ ನೋಡುವುದು, ಆಮೇಲೆ ನಮ್ಮ ಬಾಗಿಲು. ಒಳಗೆ ಬಂದರೆ ನಲ್ಲಿ ತಿರುವಿ ನೋಡುವರು, ಗೋಡೆ ಮುಟ್ಟಿ ತೇವ ಪರೀಕ್ಷಿಸುವರು. ನಾನೊಂದು ಕ್ಯಾಲೆಂಡರ್ ತೂಗುಹಾಕಲು ಸುತ್ತಿಗೆ ಎತ್ತಿದರೆ ಅವರಿಗೆ ಎದೆಗೇ ಬಡಿದಂತಾಗುತ್ತಿತ್ತು.

"ನಮ್ಮ ಮನಿ ಗೋಡಿಗೆ ಮೊಳಿ ಹೊಡೀಬ್ಯಾಡವಾ," ಅನ್ನುತ್ತಿದ್ದರು.

ತಮ್ಮ ಜೊತೆಯ ನಿವೃತ್ತರನ್ನು ಕರೆದುಕೊಂಡು ಬಂದು ಬಾಲ್ಕನಿ ತೋರಿಸುತ್ತಿದ್ದರು. ನಾವು ಇದನ್ನು ತೆಗೆದುಕೊಂಡಾಗ ಈ ಕಡೆ ರೇಟು ಇಷ್ಟಿರಲಿಲ್ಲ ಎಂದು ಅವರು ಹೇಳುವಾಗ ನಾನು ಎಲ್ಲರಿಗೂ ಚಹಾ ಕೊಡುತ್ತಿದ್ದೆ. ಸೊಸೈಟಿಯ ಸಭೆಯಲ್ಲಿ ಪಾರ್ಕಿಂಗ್ ಬಗ್ಗೆ ಭಾಷಣ ಮಾಡಿದರು. ಅವರ ಬಳಿ ಕಾರಿಲ್ಲ, ನನ್ನ ಬಳಿಯೂ ಇಲ್ಲ, ಇಬ್ಬರಿಗೂ ಸೈಕಲ್ ಕೂಡ ಇಲ್ಲ.

ಒಂದು ಮಾತು ಹೇಳಿ ಅವರನ್ನು ತಡೆಯಬಹುದಿತ್ತು. ಆಗಲಿಲ್ಲ. ಅಷ್ಟು ಹೊತ್ತು ಹೊಗೆ ಕುಡಿದು ಕೂತ ಮನುಷ್ಯನಿಗೆ ಏನಂತ ಹೇಳುವುದು? ಬರುವಾಗ ಕಲ್ಯಾಣದ ಮಂಡಿಯಿಂದ ಚೀಲ ತುಂಬ ಕಾಯಿಪಲ್ಯೆ ತರುತ್ತಿದ್ದರು, ಸೋರುವ ನಲ್ಲಿಗೆ ತಾವೇ ವಾಷರ್ ಹಾಕುತ್ತಿದ್ದರು. ಇನ್ನೂ ಒಂದು ಕಾರಣವಿತ್ತು. ಅವರ ಓಡಾಟ ಶುರುವಾದ ಮೇಲೆ ಇಡೀ ಬಿಲ್ಡಿಂಗಿನಲ್ಲಿ ಒಬ್ಬರೂ ನನ್ನನ್ನು ಮಿಸ್ಟರ್ ಎಲ್ಲಿ ಎಂದು ಕೇಳಲಿಲ್ಲ.

ಇತ್ತ ಭಾವ ಒಡೆತನದ ಸುಖ ಅನುಭವಿಸುತ್ತಿದ್ದರೆ, ಅತ್ತ ನನಗೆ ಬೇರೆಯದೇ ಕಾಯಿಲೆ ಹತ್ತಿಕೊಂಡಿತ್ತು. ಕೆಮ್ಮಿದರೆ ಕಂತು ನೆನಪಾಗುತ್ತಿತ್ತು. ಮೊದಲೆಲ್ಲ ಡೊಂಬಿವಲಿಯಲ್ಲಿ ಗಾಡಿ ನಿಲ್ಲುವ ಮೊದಲೇ ಹಾರಿ ಸೀಟು ಹಿಡಿಯುತ್ತಿದ್ದವಳು ನಾನು. ಈಗ ಗಾಡಿ ಪೂರ್ತಿ ನಿಂತು, ಒಂದು ಉಸಿರು ಬಿಟ್ಟ ಮೇಲೆ ಹತ್ತುತ್ತಿದ್ದೆ. ಹಿಂದಿನಿಂದ ಹೆಂಗಸರು ದಬ್ಬಿ ಬೈಯುತ್ತಿದ್ದರು. ಬೈಯಲಿ. ಕಾಲು ಮುರಿದುಕೊಂಡರೆ ಕಂತು ಅವರು ಕಟ್ಟುತ್ತಾರೆಯೇ? ಆಫೀಸಿನಲ್ಲಿ ಸಾಹೇಬರು ಸ್ವಲ್ಪ ಮಾತಾಡುವುದಿದೆ ಬನ್ನಿ ಎಂದು ಕರೆದ ದಿನ, ನೌಕರಿ ಹೋಯಿತೆಂದೇ ತಿಳಿದು ದೇವರ ಹೆಸರು ಹೇಳುತ್ತ ಕ್ಯಾಬಿನ್ನಿಗೆ ಹೋದೆ. ಅವರಿಗೆ ಬೇಕಾಗಿದ್ದದ್ದು ಉಪ್ಪಿನಕಾಯಿಯ ರೆಸಿಪಿ. ಅವತ್ತು ನನ್ನ ಬಾಯಲ್ಲಿ ಮೆಂತ್ಯ ಎಷ್ಟು, ಸಾಸಿವೆ ಎಷ್ಟು ಎಂಬುದೇ ಬರಲಿಲ್ಲ.

ಮಗಳು ಇದನ್ನೆಲ್ಲ ತಮಾಷೆ ಮಾಡಿ ಹಗುರ ಮಾಡುತ್ತಿದ್ದಳು. ಇಲ್ಲಿಯ ತನಕ ಕಟ್ಟಿದ ದುಡ್ಡಿಗೆ ಮನೆಯಲ್ಲಿ ನಮ್ಮದು ಎಷ್ಟು ಎಂದು ನಾವಿಬ್ಬರೂ ಒಮ್ಮೆ ಲೆಕ್ಕ ಹಾಕಿದೆವು. ಅಡುಗೆಮನೆಯ ಕಟ್ಟೆ, ಬಚ್ಚಲುಮನೆ, ಬಾಗಿಲ ಬಳಿ ಚಪ್ಪಲಿ ಬಿಡುವ ಜಾಗ, ಇಷ್ಟು ನಮ್ಮದು, ಉಳಿದದ್ದು ಬ್ಯಾಂಕಿನದು. ಫ್ರಿಜ್ಜು ಬ್ಯಾಂಕಿನ ಜಾಗದಲ್ಲಿ ನಿಂತಿತ್ತು. ಬಡ್ಡಿ ಏರಿದ ಮೇಲೆ ಹೊಸದಾಗಿ ಲೆಕ್ಕ ಹಾಕಿದರೆ, ನಾವು ಕಟ್ಟಿದ್ದೆಲ್ಲ ಬಡ್ಡಿಗೇ ಹೋಗಿ, ಬಚ್ಚಲುಮನೆ ನಮ್ಮದಾಗಲು ಇನ್ನೂ ಬಹಳ ಕಾಲ ಹಿಡಿಯುವುದು ಕಂಡಿತು. ಅಂದಿನಿಂದ ಮಗಳು ಸ್ನಾನಕ್ಕೆ ಹೋಗುವಾಗ ಬ್ಯಾಂಕಿನ ಅನುಮತಿ ಇದೆಯೇ ಎಂದು ಗಟ್ಟಿಯಾಗಿ ಕೇಳಿ ಹೋಗುತ್ತಿದ್ದಳು. ನಾನು ನಗುತ್ತಿದ್ದೆ. ನಕ್ಕು ಮುಗಿದ ಮೇಲೆ ಮತ್ತೆ ಲೆಕ್ಕದ ಹಾಳೆ ತೆಗೆಯುತ್ತಿದ್ದೆ.

ಬಡ್ಡಿ ಏರಿದರೆ ಬ್ಯಾಂಕಿನವರು ಒಂದು ಉಪಾಯ ಮಾಡುತ್ತಾರೆ. ಕಂತು ಏರಿಸುವುದಿಲ್ಲ, ವರ್ಷ ಏರಿಸುತ್ತಾರೆ. ನಮಗೆ ಗೊತ್ತೇ ಆಗುವುದಿಲ್ಲ. ಹೀಗೆ ಏರಿಸುತ್ತ ಏರಿಸುತ್ತ ಒಂದು ದಿನ ನನ್ನ ಮೊಬೈಲಿಗೆ ಸಂದೇಶ ಬಂತು. ಸಾಲ ಮುಗಿಯುವ ವರ್ಷ ನಾನು ನಿವೃತ್ತಳಾಗುವ ವರ್ಷವನ್ನು ದಾಟಿ ಎಷ್ಟೋ ಮುಂದೆ ಹೋಗಿದೆ, ಹೀಗೆ ನಡೆಯುವಂತಿಲ್ಲ, ಬಂದು ಭೇಟಿಯಾಗಿ. ಫೋನು ಮಾಡಿ ಕೇಳಿದೆ. ತಿಂಗಳ ಕಂತು ಹೆಚ್ಚಿಸಬೇಕು, ಇಲ್ಲವೇ ನಿವೃತ್ತಿಯ ನಂತರದ ವರ್ಷಗಳಿಗೆ ಯಾರಾದರೂ ಜಾಮೀನು ನಿಲ್ಲಬೇಕು ಅಂದರು.

ಎರಡೂ ಆಗದಿದ್ದರೆ ಮೂರನೆಯದು ಅವರು ಹೇಳಬೇಕಾಗಿರಲಿಲ್ಲ. ಮನೆ ಮಾರಿ, ಅಗ್ಗದ ಬಾಡಿಗೆಯ ದಿವಾದಲ್ಲಿ ಒಂದು ಖೋಲಿ ಹಿಡಿದು, ಮತ್ತೆ ಹನ್ನೊಂದು ತಿಂಗಳ ಕರಾರು, ಮತ್ತೆ ಹಡಗಿನ ಹೆಸರು. ನನಗೆ ಭಯವಾಯಿತು. ಸುತ್ತಿ ಬಳಸಿ ಹೇಳುವುದೇನು, ಹೆಚ್ಚಿದ ತರಕಾರಿಯನ್ನೇ ಮತ್ತೆ ಹೆಚ್ಚುವಷ್ಟು ಭಯವಾಯಿತು. ಮಗಳು ಹಿಂದಿನಿಂದ ಬಂದು ಚಾಕು ತೆಗೆದುಕೊಂಡು, ತಾನೇ ಬೆಂಡೆಕಾಯಿ ಹೆಚ್ಚಿದಳು. ಅವಳು ತಮಾಷೆ ಮಾಡದಿದ್ದದ್ದು ನೋಡಿ ಇನ್ನೂ ಭಯವಾಯಿತು.

ಅಕ್ಕನಿಗೆ ಹೇಳಿದೆ. ಅಕ್ಕ ಭಾವನಿಗೆ ಹೇಳಿದಳು. ನಮ್ಮ ಮನೆಯ ವಿಷಯದಲ್ಲಿ ನಾನು ಬರದೆ ಹೇಗೆ ಎಂದು ಭಾವ ತಾವೇ ಹೊರಟು ನಿಂತರು. ಜಾಮೀನಿಗೆ ನಿಲ್ಲಲೂ ತಯಾರು, ನಾನು ಮನೆತನದ ಹಿರಿಯ ಅಂದರಂತೆ. ಹಾಗೆ ಅಂದದ್ದನ್ನು ಅಕ್ಕ ಫೋನಿನಲ್ಲಿ ಹೇಳುವಾಗ ನನಗೆ ಜೀವ ಬಂದಂತಾಯಿತು. ಇಷ್ಟು ದಿನ ಮೊಳೆಗೆ, ನಲ್ಲಿಗೆ, ಪಾರ್ಕಿಂಗಿಗೆ ಸಹಿಸಿಕೊಂಡದ್ದೆಲ್ಲ ಸಾರ್ಥಕ ಅನ್ನಿಸಿತು.

ಶನಿವಾರ ಠಾಣೆ ಸ್ಟೇಶನ್ನಿನಲ್ಲಿ ಭೇಟಿಯಾದೆವು. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಬಗಲಲ್ಲಿ ದಪ್ಪನೆಯದೇನೋ ಇಟ್ಟುಕೊಂಡು ಬಂದಿದ್ದರು. ಕಾಗದಪತ್ರವಿರಬೇಕು ಅಂದುಕೊಂಡೆ. ಬ್ಯಾಂಕಿನಲ್ಲಿ ನಮ್ಮ ಸರದಿ ಬಂದು, ಸಾಲದ ವಿಭಾಗದ ಹುಡುಗಿಯ ಎದುರು ಕೂತ ಮೇಲೆ ಅದನ್ನು ಬಿಚ್ಚಿದರು. ವಾಸ್ತುಶಾಂತಿಯ ಫೋಟೋ ಆಲ್ಬಮ್ಮು! ದಾಖಲೆ ಇರಲಿ ಎಂದು ತಂದರಂತೆ.

ಆ ಹುಡುಗಿ ಒಳ್ಳೆಯವಳು, ನಗು ನುಂಗಿಕೊಂಡಳು. ಭಾವ ತಮ್ಮ ಶಹಾಡಿನ ಹಿಂದಿಯಲ್ಲಿ, ಪೂಜೆಗೆ ಕೂತದ್ದು ನಾನು, ಆ ಮನೆಯ ಒಂದೊಂದು ಇಟ್ಟಿಗೆಯೂ ನನಗೆ ಗೊತ್ತು ಎಂದು ವಿವರಿಸುತ್ತ ಒಂದೊಂದೇ ಹಾಳೆ ತಿರುವಿದರು. ಕಲಶದ ಮುಂದೆ ಭಾವ, ಹೋಮದ ಮುಂದೆ ಭಾವ, ಆಶೀರ್ವಾದ ಮಾಡುವ ಭಾವ, ಅವರ ಕಾಲಿಗೆ ಬಿದ್ದ ಸೆಕ್ರೆಟರಿ. ಹುಡುಗಿ ಎಲ್ಲ ನೋಡಿ, ಕಂಪ್ಯೂಟರಿನಲ್ಲಿದ್ದ ನನ್ನ ಹೆಸರು ನೋಡಿ, ನನ್ನ ಕಡೆ ತಿರುಗಿದಳು.

"ಮ್ಯಾಡಮ್, ಇಸ್ ಮೇ ಆಪ್ ಕಹಾಂ ಹೋ?"

ಇದರಲ್ಲಿ ನಾನೆಲ್ಲಿ ಎಂದು ನಾನೂ ಹುಡುಕಿದೆ. ಇಡೀ ಆಲ್ಬಮ್ಮಿನಲ್ಲಿ ನಾನಿದ್ದದ್ದು ಒಂದೇ ಫೋಟೋದಲ್ಲಿ, ಅದೂ ಅರ್ಧ. ಒಂದು ಮೊಳಕೈ, ಮತ್ತು ಶಿರಾದ ತಟ್ಟೆ. ಅದನ್ನು ಬೆರಳಿಟ್ಟು ತೋರಿಸಿದೆ. ಹುಡುಗಿ, ನಾನು ಇಬ್ಬರೂ ನಕ್ಕೆವು. ಭಾವ ಆಲ್ಬಮ್ ಮುಚ್ಚಿದರು.

ಹುಡುಗಿ ಜಾಮೀನಿನ ಕಾಗದ ತೆಗೆದು ಭಾವನ ಮುಂದಿಟ್ಟಳು. ಮ್ಯಾಡಮ್ ಕಟ್ಟದಿದ್ದರೆ ನೀವು ಕಟ್ಟಬೇಕಾಗುತ್ತದೆ, ನಿಮ್ಮ ನಿವೃತ್ತಿಯ ಠೇವಣಿ ಈ ಸಾಲಕ್ಕೆ ಹೊಣೆಯಾಗುತ್ತದೆ ಎಂದು ನಿಧಾನವಾಗಿ, ಸ್ಪಷ್ಟವಾಗಿ ಹೇಳಿದಳು. ಭಾವ ಹೂಂ, ಹೂಂ ಅನ್ನುತ್ತ ಕೇಳಿದರು. ಜೇಬಿನಿಂದ ಪೆನ್ನು ತೆಗೆದರು. ಕನ್ನಡಕ ಒರೆಸಿಕೊಂಡು ಮೊದಲ ಸಾಲಿನಿಂದ ಓದಲು ಹಿಡಿದರು. ಅರ್ಧ ಓದಿ ನೀರು ಬೇಕೆಂದರು. ನೀರು ಕುಡಿದು ಸಂಡಾಸ ಎಲ್ಲಿದೆ ಎಂದು ಕೇಳಿ ಎದ್ದು ಹೋದರು. ಬಂದು ಮತ್ತೆ ಮೊದಲಿನಿಂದ ಓದಿದರು. ನಮ್ಮ ಹಿಂದಿನ ನಂಬರಿನವನು ಎದ್ದು ಎದ್ದು ನೋಡುತ್ತಿದ್ದ.

ಕೊನೆಗೆ ಪೆನ್ನು ಕಾಗದಕ್ಕೆ ತಾಗುವ ತನಕ ಹೋಯಿತು. ಅಲ್ಲೇ ನಿಂತಿತು. ಭಾವ ಪೆನ್ನಿಗೆ ಟೊಪ್ಪಿಗೆ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು, ಇದರ ಬಗ್ಗೆ ಮನೆಯಲ್ಲಿ ಒಮ್ಮೆ ವಿಚಾರ ಮಾಡಬೇಕು ಎಂದು ಮೇಜಿಗೆ ಹೇಳಿದರು. ನನ್ನ ಮುಖ ನೋಡಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಮೊಳೆಗೆ ನಿಮ್ಮ ಮನೆ, ಬಾಲ್ಕನಿಗೆ ನಿಮ್ಮ ಮನೆ, ನೂರು ವರ್ಷ ಸುಖವಾಗಿ ಬಾಳಲು ನಿಮ್ಮ ಮನೆ. ಸಹಿ ಅಂದ ಕೂಡಲೇ ನನ್ನ ಮನೆಯೇ? ಇದನ್ನೆಲ್ಲ ಅಲ್ಲೇ ಅಂದುಬಿಡಬೇಕು ಅನ್ನಿಸಿತು. ಅನ್ನಲಿಲ್ಲ. ಹಿಂದೆ ನಿಂತವನಿಗೆ ಪುಕ್ಕಟೆ ನಾಟಕ ಯಾಕೆ ತೋರಿಸಲಿ? ಕಂತು ಹೆಚ್ಚಿಸುವ ಕಾಗದ ಕೊಡು ಎಂದು ಹುಡುಗಿಗೆ ಹೇಳಿದೆ. ಅವಳು ಹೊಸ ಅಂಕಿ ತೋರಿಸಿ, ಖಂಡಿತವೇ ಮ್ಯಾಡಮ್ ಎಂದು ಕೇಳಿದಳು. ಸಂಬಳದ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಗುತ್ತಿತ್ತು. ಖಂಡಿತ ಅಂದೆ. ಸಿಟ್ಟಿನ ಭರದಲ್ಲಿ ಸಹಿ ಹಾಳೆಯ ಆಚೆ ಹೋಗಿ ಮೇಜಿನ ಗಾಜಿನ ಮೇಲೂ ಬಿತ್ತು. ನಿವೃತ್ತಿಯ ತನಕ ಈ ಕಂತು, ಆಮೇಲೆ ಮನೆ ನನ್ನದು, ಅಷ್ಟರೊಳಗೆ ಕೆಮ್ಮು ಸೀನು ಏನೂ ಬರಬಾರದು, ಇಷ್ಟೇ ಒಪ್ಪಂದ.

ವಾಪಸ್ಸು ಗಾಡಿಯಲ್ಲಿ ಭಾವನ ಜೊತೆಯಿದ್ದುದರಿಂದ ಹೆಂಗಸರ ಡಬ್ಬಿಗೆ ಹೋಗಲಿಲ್ಲ. ಶನಿವಾರದ ಮಧ್ಯಾಹ್ನ, ಅದೃಷ್ಟಕ್ಕೆ ಇಬ್ಬರಿಗೂ ಎದುರುಬದುರು ಸೀಟು ಸಿಕ್ಕಿತು. ನಾನು ಕಿಟಕಿಯ ಕಡೆ ನೋಡುತ್ತ ಮನಸ್ಸಿನಲ್ಲೇ ಹಾಲು, ಕರೆಂಟು, ಮಗಳ ಫೀಸು ಕಳೆಯುತ್ತಿದ್ದೆ. ಭಾವ ಆಲ್ಬಮ್ಮನ್ನು ತೊಡೆಯ ಮೇಲೆ ಮಗುವಿನಂತೆ ಹಿಡಿದುಕೊಂಡು ಕೂತಿದ್ದರು. ದಿವಾ ದಾಟಿದ ಮೇಲೆ ಮುಂದಕ್ಕೆ ಬಗ್ಗಿದರು. ಏನಾದರೂ ಸಮಜಾಯಿಷಿ ಹೇಳುತ್ತಾರೆ, ಹೇಳಿದರೆ ಈಗ ಬಿಡುವುದಿಲ್ಲ ಎಂದು ನಾನೂ ತಯಾರಾದೆ.

"ಬರೇ ಒಂದು ಸಹಿ," ಅಂದರು. "ಅಷ್ಟಕ್ಕಽ ನನ್ನ ಕೈ ನಡಗಿ ಹೋತು ನೋಡವಾ. ಇಷ್ಟು ವರ್ಷ ನೀ ಇದನ್ನ ಒಬ್ಬಾಕಿನಽ ಹೊತ್ಕೊಂಡೀ. ರಾತ್ರಿ ಹೆಂಗ ಮಲಗ್ತಿ?"

ಇಷ್ಟು ಜನ ಇಷ್ಟು ವರ್ಷ ಎಷ್ಟೋ ಕೇಳಿದ್ದರು. ಬಡ್ಡಿ ಎಷ್ಟು, ಕಾರ್ಪೆಟ್ ಏರಿಯಾ ಎಷ್ಟು, ಗಂಡ ಏನಾದರೂ ಕೊಡುತ್ತಾನೆಯೇ, ಎಲ್ಲ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನಾನು ಬಾಯಿಪಾಠ ಮಾಡಿಟ್ಟುಕೊಂಡ ಬೈಗುಳವೆಲ್ಲ ಎಲ್ಲಿ ಹೋಯಿತೋ.

"ಮಲಗೂದಿಲ್ಲ ಭಾವಾ," ಅಂದೆ. ಅಂದವಳೇ ಅತ್ತುಬಿಟ್ಟೆ.

ಚೆನ್ನಾಗಿ ಅತ್ತೆ. ಪಕ್ಕದಲ್ಲಿ ಫೋನು ನೋಡುತ್ತಿದ್ದವನು ಫೋನು ಬಿಟ್ಟು ನನ್ನನ್ನು ನೋಡಿದ. ಬಾಗಿಲಲ್ಲಿ ನಿಂತವರು ಭಾವನನ್ನು ಗುರಾಯಿಸಿದರು. ಮುದುಕ ಹೆಂಗಸಿಗೆ ಏನೋ ಅಂದಿರಬೇಕು ಎಂದು ಅವರ ಲೆಕ್ಕ. ಭಾವನಿಗೆ ಏನು ಮಾಡಬೇಕೆಂದು ತಿಳಿಯದೆ, ಕರವಸ್ತ್ರ ಹುಡುಕಿ, ಅದು ಸಿಗದೆ, ಕಡಲೆಕಾಯಿ ಮಾರುವವನನ್ನು ಕರೆದು ಎರಡು ಪೊಟ್ಟಣ ತೆಗೆದು ಎರಡನ್ನೂ ನನ್ನ ಕೈಗೇ ಕೊಟ್ಟರು. ಡೊಂಬಿವಲಿ ಬಂತು, ಹೋಯಿತು. ಇಬ್ಬರಲ್ಲಿ ಯಾರೂ ಏಳಲಿಲ್ಲ.

ಹೀಗೆ ಕಲ್ಯಾಣದಲ್ಲಿ ಇಳಿದು ಅಕ್ಕನ ಮನೆಗೇ ಹೋದದ್ದಾಯಿತು. ಕಾಕಾನ ಜೊತೆ ಇದ್ದೇನೆ, ಸಂಜೆ ಬರುತ್ತೇನೆ ಎಂದು ಮಗಳಿಗೆ ಒಂದು ಮೆಸೇಜು ಹಾಕಿದೆ. ಅಕ್ಕ ನನ್ನ ಮುಖ ನೋಡಿ, ಗಂಡನ ಮುಖ ನೋಡಿ, ಚಹಾಕ್ಕೆ ಇಟ್ಟಳು. ಚಹಾ ಆಗುವ ತನಕ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆಂದು ಒಳಗಿನ ಖೋಲಿಯಲ್ಲಿ ನೆಲದ ಮೇಲೆ ಚಾಪೆ ಹಾಕಿಕೊಂಡು ಅಡ್ಡಾದೆ. ಗೋಡೆಯ ಬಣ್ಣ ಉದುರಿತ್ತು. ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು. ಅದನ್ನು ರಿಪೇರಿ ಮಾಡಿಸಬೇಕಾದದ್ದು ಮಾಲೀಕ. ಆ ಮನೆಯ ಒಂದು ಇಟ್ಟಿಗೆಯ ಮೇಲೂ ನನ್ನ ಸಾಲವಿಲ್ಲ ಎಂದು ಯೋಚಿಸಿದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಹೊರಗೆ ಭಾನುವಾರದ ಹಾಲಿನವನ ದನಿ. ನನ್ನ ಮೈಮೇಲೆ ಅಕ್ಕನ ಹಳೆಯ ಕೌದಿ, ಪಕ್ಕದಲ್ಲಿ ಬಾಯಿ ತೆರೆದು ಮಲಗಿದ ಮಗಳು. ಇವಳು ಯಾವಾಗ ಬಂದಳು, ಹೇಗೆ ಬಂದಳು, ನನಗೆ ಒಂದೂ ಗೊತ್ತಿಲ್ಲ.

ಆಮೇಲೆ ಚಹಾ ಕುಡಿಯುತ್ತ ಮಗಳೇ ಹೇಳಿದಳು. ಸಂಜೆಯಾದರೂ ನಾನು ಬಾರದ್ದರಿಂದ ಹೆದರಿ ಫೋನು ಮಾಡಿದಳಂತೆ. ಕಾಕಾ ಎತ್ತಿದರಂತೆ. ಮಮ್ಮಿಗೆ ಕೊಡಿ ಎಂದು ಇವಳು ಕೂಗಾಡಿದರೆ, ಕಾಕಾ ಪಿಸುದನಿಯಲ್ಲಿ, "ಮಲಗ್ಯಾಳ. ಎಬ್ಬಸಬ್ಯಾಡ," ಎಂದು ಫೋನು ಇಟ್ಟರಂತೆ. ನಂಬದೆ ಇವಳು ಗಾಡಿ ಹತ್ತಿ ಬಂದು ನೋಡಿದರೆ, ಕಾಕಾ ಒಳಖೋಲಿಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ಟೀವಿ ಬಂದ್. ಪಕ್ಕದ ಮನೆಯ ಹುಡುಗರು ಕಾರಿಡಾರಿನಲ್ಲಿ ಚೆಂಡು ಆಡುವುದೂ ಬಂದ್. ಅಕ್ಕ ಅನ್ನಕ್ಕೆ ಇಡಲು ಹೋದರೆ, ಕುಕ್ಕರಿನ ಸೀಟಿಗೆ ನನಗೆ ಎಚ್ಚರವಾದೀತೆಂದು ಇಡಗೊಡಲಿಲ್ಲವಂತೆ. ಆ ರಾತ್ರಿ ಅವರು ಮೂವರೂ ಮೊಸರು ಅವಲಕ್ಕಿ ತಿಂದು ಮಲಗಿದರಂತೆ.